ಕಣ್ಣಾಸ್ಪತ್ರೆಯ ತುರ್ತು ಸೇವೆ: ವೈದ್ಯರಿಗೆ ಪೂರ್ಣ ಅಂಕ, ಸಹಾಯವಾಣಿಗೆ ಇಲ್ಲ
ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾಕ್ಕಾಗಿ ಆರು ವರ್ಷಗಳ ಹಿಂದೆ ಟ್ರಾಬೆಕ್ಯುಲೆಕ್ಟಮಿ ಎಂಬ, ಕಣ್ಣಿನೊತ್ತಡ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ನಮ್ಮ ತಂದೆಯವರ ಬಲಗಣ್ಣು ಒಂದು ಭಾನುವಾರ ಸಂಜೆ ಕೆಂಪಾಗಿ ಗೀಜು ಕಟ್ಟಿದಾಗ, ನಾವೆಲ್ಲ ಅದನ್ನು ಮಾಮೂಲಿ ಕಣ್ಣುಬೇನೆಯೆಂದೇ ಭಾವಿಸಿದ್ದೆವು. ಆಸ್ಪತ್ರೆಯ ಸಹಾಯವಾಣಿಯವರೂ ಹಳೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಮಾತೂ ಕೇಳದೆ, ಬೆಳಿಗ್ಗೆ ಬನ್ನಿ ಎಂದುಬಿಟ್ಟರು. ನನ್ನ ಮುಖ್ಯ ಆಕ್ಷೇಪ ಇದೇ. ಆ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗಿನ ದ್ರವ ಹೊರಹೋಗಲೆಂದು ಮೇಲ್ರೆಪ್ಪೆಯಡಿ ರೂಪಿಸುವ ಬ್ಲೆಬ್ ಎಂಬ ಗುಳ್ಳೆಯ ಗೋಡೆ, ಗಾಯ ಕಲೆಗಟ್ಟದಂತೆ ಮೈಟೋಮೈಸಿನ್ ಎಂಬ ಔಷಧ ಬಳಸಿದ್ದರೆ ಇನ್ನಷ್ಟು ತೆಳುವಾಗಿರುವುದರಿಂದ, ಎಷ್ಟೋ ವರ್ಷಗಳ ನಂತರವೂ ಸೋಂಕು ಅದರ ಮೂಲಕ ಒಳನುಸುಳಬಹುದು.

ತಂದೆಯವರಿಗೆ ನೋವು ಹೆಚ್ಚಿದ್ದರಿಂದ ರಾತ್ರಿಯೇ ಹೊರಟೆವು. ಪಾಳಿಯಲ್ಲಿದ್ದ ವೈದ್ಯೆ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಹಾಲಿನಂತೆ ಬೆಳ್ಳಗಾಗಿದ್ದ ಗುಳ್ಳೆಯನ್ನೂ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಹಿಂದೆ ತಳದಲ್ಲಿ ನಿಂತಿದ್ದ ಕೀವಿನ ಗೆರೆಯನ್ನೂ ನನಗೆ ತೋರಿಸಿ, ಇದು ಎಂಡಾಫ್ತಲ್ಮೈಟಿಸ್, ಅಂದರೆ ಕಣ್ಣಿನ ಒಳಭಾಗದ ಸೋಂಕು ಎಂದರು. ಒಂದು ಗಂಟೆಯೊಳಗೆ ಕಣ್ಣಿನೊಳಗಿನ ಲೋಳೆಯಾದ ವಿಟ್ರಿಯಸ್‌ನ ಮಾದರಿ ತೆಗೆದು, ಕಣ್ಣಿನೊಳಕ್ಕೇ 1 ಮಿ.ಗ್ರಾಂ ವ್ಯಾಂಕೋಮೈಸಿನ್ ಮತ್ತು 2.25 ಮಿ.ಗ್ರಾಂ ಸೆಫ್ಟಾಜಿಡಿಮ್ ಎಂಬ ಆ್ಯಂಟಿಬಯಾಟಿಕ್‌ಗಳನ್ನು ಚುಚ್ಚಿದರು. ಸೂಕ್ಷ್ಮಾಣು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಉಗ್ರ ಬ್ಯಾಕ್ಟೀರಿಯಾ ಕಂಡುಬಂದಾಗ, ಹಿಂದಿನ ದೃಷ್ಟಿ ಮರಳುವ ಭರವಸೆ ಕಡಿಮೆಯೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲು 6/18 ಇದ್ದ ದೃಷ್ಟಿ ಈಗ 6/60ಕ್ಕೆ ನಿಂತಿದೆ; ಅಂದರೆ ಸಹಜ ಕಣ್ಣು 60 ಮೀಟರಿನಿಂದ ಓದುವುದನ್ನು ಅವರು 6 ಮೀಟರಿನಿಂದ ಓದಬೇಕು. ಕಣ್ಣು ಉಳಿದದ್ದೇ ದೊಡ್ಡದು. ಬಿಲ್ಲಿನ ಬಗ್ಗೆ ತಕರಾರಿಲ್ಲ.

ಆರು ವರ್ಷದ ಹಿಂದಿನ ಡಿಸ್ಚಾರ್ಜ್ ಚೀಟಿಯಲ್ಲಿ ಹನಿ ಹಾಕುವ ವೇಳಾಪಟ್ಟಿಯಿತ್ತೇ ಹೊರತು, ಕಣ್ಣು ಕೆಂಪಾದರೆ ಅದೇ ದಿನ ಬರಬೇಕೆಂಬ ಸಾಲಿರಲಿಲ್ಲ; ಈ ಬಾರಿ ಆ ವೈದ್ಯೆ ಅದನ್ನು ಫೈಲಿನ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ.