ಬಳ್ಳಾರಿ ಬಿಸಿಲು, ಮನೇಲಿ ಕೂಸು, ಸೆಕೆಂಡ್ ಹ್ಯಾಂಡ್ ಎಸ್‌ಯುವಿ: ಹಿಂದಿನ ಸೀಟಲ್ಲಿ ಕೂತು ನೋಡಿ, ಆಮೇಲೆ ದುಡ್ಡು ಕೊಡಿ

ನಾವು ಓಡಿಸುವ ಗಾಡಿ 2018ರದ್ದು. ನಾಲ್ಕು ಮೀಟರ್ ಒಳಗಿನ ಎಸ್‌ಯುವಿ, ಬಿಎಸ್4 (ಹಳೆಯ ಹೊಗೆ ನಿಯಮದ) ಡೀಸೆಲ್, ಮ್ಯಾನುಯಲ್ ಗೇರು. ಸಿಸಿ ಎಷ್ಟು, ಮೈಲೇಜ್ ಎಷ್ಟು ಅನ್ನೋದು ಎಲ್ಲಿ ಬೇಕಾದರೂ ಸಿಗುತ್ತದೆ, ಅದನ್ನು ಬಿಡೋಣ. ಬೇಸಿಗೆ ಕಳೆದ ಮೇಲೆ ಹೇಳಲೇಬೇಕಾದ ಮಾತು ಒಂದೇ: ಇದರ ಹಿಂದಿನ ಸೀಟಿಗೆ ಎಸಿ ವೆಂಟ್, ಅಂದರೆ ತಣ್ಣನೆ ಗಾಳಿ ಬರುವ ಕಿಂಡಿ, ಇಲ್ಲ. ದೊಡ್ಡವರಷ್ಟೇ ಓಡಾಡುವ ಗಾಡಿಯಾದರೆ ಇದು ಸಣ್ಣ ಕೊರತೆ. ಕೂಸಿರುವ ಮನೆಗೆ, ಅದರಲ್ಲೂ ನಮ್ಮ ಬಳ್ಳಾರಿ, ರಾಯಚೂರು ಕಡೆಯವರಿಗೆ, ಗಾಡಿ ಬೇಕೋ ಬೇಡವೋ ಎಂದು ತೀರ್ಮಾನಿಸುವಷ್ಟು ದೊಡ್ಡದು.

ಕಾರಣ ಇಷ್ಟೆ. ಹಸುಗೂಸನ್ನು ಕೂರಿಸುವ ಬೇಬಿ ಸೀಟು ಹಿಮ್ಮುಖವಾಗಿರುತ್ತದೆ. ಅದರ ಬೆನ್ನು ಮುಂದಕ್ಕೆ, ಕೂಸಿನ ಮುಖ ಹಿಂದಿನ ಗಾಜಿನ ಕಡೆಗೆ. ಡ್ಯಾಶ್‌ಬೋರ್ಡಿನಿಂದ ಬರುವ ತಣ್ಣನೆ ಗಾಳಿ ಮೊದಲು ಮುಂದಿನ ಸೀಟಿಗೆ ಬಡಿಯುತ್ತದೆ, ಅದನ್ನು ದಾಟಿದರೆ ಬೇಬಿ ಸೀಟಿನ ಪ್ಲಾಸ್ಟಿಕ್ ಬೆನ್ನಿಗೆ. ಕೂಸಿನ ಮುಖಕ್ಕೆ ತಲುಪುವುದು ಹೆಚ್ಚುಕಡಿಮೆ ಸೊನ್ನೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಮುಂದೆ ಕೂತವರಿಗೆ ಚಳಿ, ಹಿಂದೆ ಕೂಸಿನ ಬೆನ್ನೆಲ್ಲ ಬೆವರು. ಕೈಕಾಲು ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಕುತ್ತಿಗೆಯ ಹಿಂಭಾಗಕ್ಕೆ ಬೆರಳು ಹಾಕಿ ನೋಡಬೇಕು.

ಹಾಗಂತ ಬೇಬಿ ಸೀಟನ್ನು ಮುಂದಕ್ಕೆ ತಂದು ಹಾಕಬೇಡಿ. ಆ ಕಡೆ ಏರ್‌ಬ್ಯಾಗ್ ಇದ್ದರೆ, ಅದು ಬಿಚ್ಚಿಕೊಳ್ಳುವ ರಭಸ ನೇರ ಹಿಮ್ಮುಖ ಸೀಟಿನ ಬೆನ್ನಿಗೆ, ಅಂದರೆ ಕೂಸಿನ ತಲೆಗೆ ಬೀಳುತ್ತದೆ. ತೊಡೆ ಮೇಲೆ ಕೂರಿಸಿಕೊಳ್ಳುವುದೂ ಬೇಡ. ಬ್ರೇಕ್ ಬಿದ್ದಾಗ ಯಾರ ಕೈಯೂ ಕೂಸನ್ನು ಹಿಡಿದು ನಿಲ್ಲಿಸಲಾರದು. 2019ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಬೇಬಿ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವೂ ಇದೆ.

ಇರುವ ಗಾಡಿಯಲ್ಲೇ ಗಾಳಿ ಹಿಂದಕ್ಕೆ ಮುಟ್ಟಿಸುವುದು ಹೇಗೆ? ನಡುವಿನ ಎರಡು ವೆಂಟುಗಳನ್ನು ಪೂರ್ತಿ ಮೇಲಕ್ಕೆ, ಛಾವಣಿಗೆ ತಿರುಗಿಸಿ. ಅಕ್ಕಪಕ್ಕದ ವೆಂಟು ಅರ್ಧ ಮುಚ್ಚಿ. ಫ್ಯಾನ್ ಮೂರರಲ್ಲಿರಲಿ. ಗಾಳಿ ಛಾವಣಿಗೆ ತಾಗಿ ಹಿಂದಕ್ಕೆ ಹರಿದು ಮೇಲಿಂದ ಇಳಿಯುತ್ತದೆ. ಮುಂದಿನ ಎರಡು ಸೀಟಿನ ನಡುವೆ ಬ್ಯಾಗು ಇಡಬೇಡಿ, ಗಾಳಿಗೆ ಇರುವ ಇನ್ನೊಂದು ದಾರಿ ಅದೇ. ಹೊರಡುವ ಮುಂಚೆ ದಿನಾ ಮಾಡುವ ಕೆಲಸವೂ ಒಂದಿದೆ. ಎಡಗಡೆ ಮುಂದಿನ ಗಾಜು ಪೂರ್ತಿ ಇಳಿಸಿ, ಬಲಗಡೆ ಹಿಂದಿನ ಬಾಗಿಲನ್ನು ಐದಾರು ಸಲ ತೆರೆದು ಮುಚ್ಚಿ. ಒಳಗಿನ ಝಳ ಆ ಗಾಜಿನಿಂದ ದಬದಬ ಹೊರಗೆ ಹೋಗುವುದು ಕೈಯಿಟ್ಟರೆ ತಿಳಿಯುತ್ತದೆ. ಆಮೇಲೆ ಇಂಜಿನ್ ಶುರು ಮಾಡಿ, ಗಾಜು ಇಳಿಸಿಕೊಂಡೇ ಒಂದು ನಿಮಿಷ ಎಸಿ ಫುಲ್, ನಂತರ ಗಾಜು ಏರಿಸಿ ಒಳಗಿನ ಗಾಳಿಯೇ ತಿರುಗುವ ಬಟನ್ ಒತ್ತಿ. ಗಾಡಿ ನಿಂತಿರುವಾಗ ಬೇಬಿ ಸೀಟಿನ ಮೇಲೆ ಹಳೆಯ ಬಿಳಿ ಪಂಚೆ ಹೊದಿಸಿಡಿ. ಬೆಲ್ಟಿನ ಬಕಲ್ ಬಿಸಿಲಿಗೆ ಕಾದು ತೊಡೆ ಸುಡುವಂತಿರುತ್ತದೆ, ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ, ಆಮೇಲೆ ಕೂಸನ್ನು ಕೂರಿಸಿ. ದಾರಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಹೊರಗಿನ ಗಾಳಿ ಒಂದಿಷ್ಟು ಒಳಗೆ ಬಿಡಿ. ಐದೇ ನಿಮಿಷದ ಕೆಲಸವಿದ್ದರೂ ಕೂಸನ್ನು ಗಾಡಿಯಲ್ಲಿ ಬಿಟ್ಟು ಇಳಿಯಬೇಡಿ.

ಇದರ ಜೊತೆಗೆ ನಮ್ಮ ಕಡೆಯ ಕೆಂಧೂಳು. ತೋರಣಗಲ್ಲು, ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಓಡಾಡುವ ಗಾಡಿಗೆ ಕಂಪನಿಯ ಸರ್ವಿಸ್ ಲೆಕ್ಕ ಸಾಲದು. ಎಸಿ ಗಾಳಿಯ ಧೂಳು ಸೋಸುವ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡರೆ ಬ್ಲೋವರ್ ಸದ್ದು ಜೋರಾಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ವೆಂಟ್ ಇಲ್ಲದ ಹಿಂದಿನ ಸೀಟಿಗೆ ಮೊದಲ ಪೆಟ್ಟು. ಬಹಳಷ್ಟು ಗಾಡಿಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಬಾಕ್ಸಿನ ಎರಡು ಬದಿ ಒಳಕ್ಕೆ ಒತ್ತಿದರೆ ಕೆಳಗಿಳಿಯುತ್ತದೆ, ಮುಚ್ಚಳ ತೆಗೆದು ಫಿಲ್ಟರ್ ಎಳೆಯಿರಿ. ಅದರ ಮೇಲಿನ ಬಾಣದ ಗುರುತು ಯಾವ ಕಡೆಗಿತ್ತು ಎಂದು ನೋಡಿಕೊಂಡಿರಿ. ನೆಲಕ್ಕೆ ಮೆಲ್ಲಗೆ ಬಡಿದು, ಸ್ವಚ್ಛ ಬದಿಯಿಂದ ಕೊಳೆ ಬದಿಗೆ ಸಣ್ಣಗೆ ಗಾಳಿ ಹೊಡೆಸಿ. ಪೇಪರ್ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ತಿಂಗಳಿಗೊಮ್ಮೆ ಹೀಗೆ ಮಾಡಿ, 5,000 ಕಿ.ಮೀ.ಗೆ ಹೊಸದು ಹಾಕಿ. ಹೊರಗಡೆ ಅಂಗಡಿಯಲ್ಲಿ 300ರಿಂದ 500 ರೂಪಾಯಿ.

ಧೂಳು ಕೂರುವ ಇನ್ನೊಂದು ಜಾಗ ಕಂಡೆನ್ಸರ್, ಎಸಿಯ ಬಿಸಿಯನ್ನು ಹೊರಹಾಕುವ ಭಾಗ, ಮುಂದಿನ ಜಾಲರಿಯ ಹಿಂದೆ, ರೇಡಿಯೇಟರಿಗೂ ಮುಂದೆ ಇರುವಂಥದ್ದು. ಹೈವೇಯಲ್ಲಿ ಎಸಿ ತಣ್ಣಗಿದ್ದು ಮೋತಿ ಸರ್ಕಲ್ ಟ್ರಾಫಿಕ್ಕಿನಲ್ಲಿ ಬೆಚ್ಚಗಾದರೆ ಮೊದಲು ಅದರ ರೆಕ್ಕೆಗಳಲ್ಲಿ ಕೂತ ಮಣ್ಣನ್ನೂ ರೇಡಿಯೇಟರ್ ಫ್ಯಾನನ್ನೂ ನೋಡಿಸಿ. ಮೆಕ್ಯಾನಿಕ್ ನೋಡದೇ ‘ಗ್ಯಾಸ್ ಖಾಲಿಯಾಗೇತಿ, ಹಾಕಿಸ್ರಿ’ ಅಂದರೆ ಒಪ್ಪಬೇಡಿ. ಎಸಿ ಗ್ಯಾಸು ಡೀಸೆಲ್‌ನಂತೆ ಉರಿದು ತೀರುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ, ಅದನ್ನು ಹುಡುಕಿಸಿ ಮುಚ್ಚಿಸಿ, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ಹಾಕಿಸಿ.

ಇಷ್ಟೆಲ್ಲ ಬೈದ ಮೇಲೆ ಮೆಚ್ಚಲೇಬೇಕಾದ್ದೂ ಇದೆ. ಸೀಟಿನ ಎತ್ತರ. ಹಿಂದಿನ ಬಾಗಿಲು ತೆರೆದರೆ ಸೀಟು ಸೊಂಟದ ಮಟ್ಟಕ್ಕೆ ಬರುತ್ತದೆ. ಸಣ್ಣ ಕಾರಲ್ಲಿ ಕೂಸನ್ನು ಬೇಬಿ ಸೀಟಿಗೆ ಇಳಿಸಲು ಬೆನ್ನು ಪೂರ್ತಿ ಬಗ್ಗಿಸಿ, ತಲೆ ಒಳಗೆ ತೂರಿಸಿ, ಕೈ ಚಾಚಬೇಕು. ಇಲ್ಲಿ ನಿಂತಲ್ಲೇ ಕೂಸನ್ನು ಎದೆಯಿಂದ ಸೀಟಿಗೆ ಜಾರಿಸಬಹುದು. ಸಿಸೇರಿಯನ್ ಆದ ಬಾಣಂತಿಗೆ ಈ ವ್ಯತ್ಯಾಸ ಹೊಟ್ಟೆಯ ಹೊಲಿಗೆಗೇ ಗೊತ್ತಾಗುತ್ತದೆ. ಅಜ್ಜಿಯಂದಿರಿಗೂ ಹಾಗೇ: ದೊಡ್ಡ ಎಸ್‌ಯುವಿಗಳಂತೆ ನೆರಿಗೆ ಎತ್ತಿ ಹತ್ತಬೇಕಿಲ್ಲ, ಸಣ್ಣ ಕಾರಿನಂತೆ ಮೊಣಕಾಲು ಹಿಡಿದು ಏಳಬೇಕಿಲ್ಲ, ಕುರ್ಚಿಗೆ ಕೂತಂತೆ ಕೂರಬಹುದು. ಊರೊಳಗಿನ ಹಂಪುಗಳಿಗೂ ಸಿರುಗುಪ್ಪ ದಾರಿಯ ಗುಂಡಿಗಳಿಗೂ ಅಡಿ ತಾಗುವುದಿಲ್ಲ, ನಿಧಾನ ಹೋದರೆ ಮಲಗಿದ ಕೂಸು ಏಳುವುದಿಲ್ಲ. ಬೇಬಿ ಸೀಟನ್ನು ಎಡಗಡೆ ಹಿಂದೆ ಹಾಕಿದರೆ ಫುಟ್‌ಪಾತ್ ಕಡೆಯಿಂದಲೇ ಕೂಸನ್ನು ಎತ್ತಬಹುದು. ಒಂದು ತೊಂದರೆ, ಅದರ ಮುಂದಿನ ಸೀಟನ್ನು ಬಹಳ ಮುಂದಕ್ಕೆ ತಳ್ಳಬೇಕು, ಎತ್ತರದವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಗಲುತ್ತದೆ.

ಗಾಡಿ ನೋಡಲು ಹೋಗುವಾಗ ಬೇಬಿ ಸೀಟನ್ನು ಜೊತೆಗೇ ಒಯ್ಯಿರಿ. ಸೀಟಿನ ಬೆನ್ನು ಮತ್ತು ತಳ ಕೂಡುವ ಸಂದಿಯಲ್ಲಿ ಬೆರಳು ತೂರಿಸಿದರೆ 28 ಸೆಂ.ಮೀ. ಅಂತರದಲ್ಲಿ ಎರಡು ಕಬ್ಬಿಣದ ಕಂಬಿ ಸಿಗಬೇಕು, ಬೇಬಿ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಅದೇ. ಇಲ್ಲದಿದ್ದರೆ ಬೆಲ್ಟ್ ಬೇಬಿ ಸೀಟನ್ನು ಸುತ್ತಿ ಬರುವಷ್ಟು ಉದ್ದವಿದೆಯೇ ಎಂದು ಅಲ್ಲೇ ಕಟ್ಟಿ ನೋಡಿ. ಕೂಸಿನ ಗದ್ದ ಎದೆಗೆ ತಾಗದಷ್ಟು ಸೀಟು ಹಿಂದಕ್ಕೆ ವಾಲಿರಬೇಕು. ಅದೇ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ಸುರುಳಿಯ ಒಳಗಿನ ಭಾಗಕ್ಕೆ ಕೆಂಪು ಹತ್ತಿದ್ದರೆ, ಸ್ಟೆಪ್ನಿ ಗುಂಡಿಯಲ್ಲೂ ಬಾಗಿಲ ಬೀಡಿಂಗ್ ಹಿಂದೆಯೂ ಕೆಂಪು ಪುಡಿ ಇದ್ದರೆ, ಗಾಡಿ ಗಣಿ ಕಡೆ ದುಡಿದಿರುವ ಸಾಧ್ಯತೆ ಹೆಚ್ಚು. ಮೇಲೆ ಎಷ್ಟು ಪಾಲಿಶ್ ಹೊಡೆದರೂ ಸಸ್ಪೆನ್ಷನ್ ಬುಶ್, ಎಸಿ ಎರಡಕ್ಕೂ ಖರ್ಚು ಕಾದಿರುತ್ತದೆ. ಟೈರಿನ ನಾಲ್ಕಂಕಿ ಓದಿ. 2318 ಎಂದಿದ್ದರೆ 2018ರ 23ನೇ ವಾರದ್ದು, ಟೈರಿನ ಗೀರು ಆಳವಿದ್ದರೂ ಬದಲಾಯಿಸಿ. ಏರ್‌ಬ್ಯಾಗ್ ವಿಷಯದಲ್ಲಿ, ಡ್ರೈವರ್ ಕಡೆಯದ್ದು ಕಡ್ಡಾಯವಾದದ್ದೇ ಜುಲೈ 2019ರಿಂದ. ಅದಕ್ಕಿಂತ ಹಳೆಯ ಕೆಳಗಿನ ವೇರಿಯಂಟುಗಳಲ್ಲಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಆಂಧ್ರ ನಂಬರಿನ ಗಾಡಿಗಳು ಗುಂತಕಲ್, ಆದೋನಿ ಕಡೆಯಿಂದ ಅಗ್ಗಕ್ಕೆ ಬರುತ್ತವೆ. ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ತಂದು ಕರ್ನಾಟಕದ ಆಜೀವ ತೆರಿಗೆ ಕಟ್ಟುವ ಲೆಕ್ಕ ಹಾಕಿದರೆ ಅಗ್ಗ ಉಳಿಯುವುದಿಲ್ಲ. ಬಳ್ಳಾರಿ, ಹೊಸಪೇಟೆ, ರಾಯಚೂರು, ಕೊಪ್ಪಳದ ನಂಬರುಗಳಾದ ಕೆಎ 34, 35, 36, 37ರೊಳಗೇ ಹುಡುಕಿ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30, ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ ಫಾರಂ 35 ಇಲ್ಲದೆ ಪೂರ್ತಿ ಹಣ ಕೊಡಬೇಡಿ. ಗಾಡಿ ಕೈ ಬದಲಾದ 14 ದಿನದೊಳಗೆ ಇನ್ಸೂರೆನ್ಸೂ ನಿಮ್ಮ ಹೆಸರಿಗೆ ಆಗಲಿ.

ನಮ್ಮ ಬಜೆಟ್ ಆರು ಲಕ್ಷದ ಒಳಗೆ, ಓಡಾಟ ಹೆಚ್ಚಾಗಿ ಊರೊಳಗೆ. ಆ ಲೆಕ್ಕಕ್ಕೆ ಇಂದು ಕೊಳ್ಳುವುದಾದರೆ ಪೆಟ್ರೋಲೇ ಸರಿ. ಏಪ್ರಿಲ್ 2020ರ ನಂತರದ ಬಿಎಸ್6 ಡೀಸೆಲ್‌ಗಳ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಗಾಂಧಿನಗರದಿಂದ ಆಸ್ಪತ್ರೆವರೆಗಿನ ಎರಡು ಮೂರು ಕಿ.ಮೀ. ಓಡಾಟದಲ್ಲಿ ಮಸಿ ಸುಡುವಷ್ಟು ಬಿಸಿಯಾಗುವುದಿಲ್ಲ, ಕಟ್ಟಿಕೊಳ್ಳುತ್ತದೆ. ಹಿಂದಿನ ವೆಂಟ್ ಬೇಕೆಂದರೆ ನೆಕ್ಸಾನ್, ವೆನ್ಯೂ, ಸ್ವಲ್ಪ ಹಳೆಯ ಕ್ರೆಟಾ ನೋಡಿ. ಆದರೂ ಪ್ರತಿ ಗಾಡಿಯಲ್ಲೂ ವೇರಿಯಂಟ್ ನೋಡಿಯೇ ಮುಂದುವರಿಯಿರಿ. ಟೆಸ್ಟ್ ಡ್ರೈವ್‌ಗೆ ಮಧ್ಯಾಹ್ನ ಎರಡಕ್ಕೆ ಹೋಗಿ, ಬಿಸಿಲಲ್ಲಿ ನಿಂತ ಗಾಡಿಯನ್ನೇ ಕೇಳಿ. ಒಬ್ಬರು ಓಡಿಸಲಿ, ಕೊಳ್ಳುವವರು ಹಿಂದೆ ಬೇಬಿ ಸೀಟಿನ ಪಕ್ಕ ಕೂತು, ಕೂಸಿನ ಮುಖ ಇರುವ ಜಾಗದಲ್ಲಿ ಅಂಗೈ ಹಿಡಿಯಲಿ. ಹತ್ತು ನಿಮಿಷದಲ್ಲಿ ಅಲ್ಲಿಗೆ ತಂಪು ಬಾರದಿದ್ದರೆ ಬೇರೆ ಗಾಡಿ ನೋಡಿ.