ಜಿಪ್ಸಿ ಎತ್ತರಿಸುವ ಮೊದಲು ಅದರ ಕೆಳಗೊಮ್ಮೆ ಮಲಗಿ ನೋಡಿ

"ಹಳೇ ಜಿಪ್ಸಿ ತಗೊಂಡಿದ್ದೇನೆ, ಲಿಫ್ಟ್ ಮಾಡಿಸಿ 31 ಇಂಚಿನ ಟೈರು ಹಾಕಿಸಬೇಕು, ಒಳ್ಳೆ ಜಾಗ ಯಾವುದು?" ಅಂತ ಕಳೆದ ಎರಡು ತಿಂಗಳಲ್ಲಿ ಮೂವರು ಕೇಳಿದರು. ಮೂವರೂ ನನ್ನ ಗಾಡಿಯ ಹಳೇ ಫೋಟೋ ನೋಡಿ ಕೇಳಿದವರು. ಆ ಫೋಟೋದಲ್ಲಿರುವ ಗಾಡಿ, ಅಂದರೆ ಮಾರುತಿ ಕಂಪನಿಯ ಫೋರ್ ವೀಲ್ ಜೀಪು ಜಿಪ್ಸಿ, 2023ರ ನವೆಂಬರಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕು ಕಳೆದುಕೊಂಡಿತು. ಒಳಗೆ ಅಪ್ಪ, ಹೆಂಡತಿ, ಮಗಳು ಇದ್ದರು. ಏನಾಯಿತು, ಯಾಕಾಯಿತು ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ದಯವಿಟ್ಟು ಕೊನೆವರೆಗೂ ಓದಿ, ಆಮೇಲೆ ನಿಮ್ಮ ತೀರ್ಮಾನ ನಿಮ್ಮದು.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಡಾಂಬರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರ್ ಮಣ್ಣುದಾರಿ, ನಡುವೆ ಒಂದು ಹಳ್ಳ. ಜೂನ್ ಬಂತೆಂದರೆ ಫೋರ್ ವೀಲ್ ಇಲ್ಲದೆ ಗೊಬ್ಬರ ತರುವುದಕ್ಕೂ ಆಗುವುದಿಲ್ಲ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಗೆ ಹೋಗುವುದಕ್ಕೂ ಆಗುವುದಿಲ್ಲ. 2021ರಲ್ಲಿ ನಾನು ಕೊಂಡದ್ದು 1999ರ ಜಿಪ್ಸಿ ಕಿಂಗ್, 1298 ಸಿಸಿಯ ಕಾರ್ಬ್ಯುರೇಟರ್ ಎಂಜಿನ್ನಿನದು. ಜಿಪ್ಸಿ ಮೊದಲು ಬಂದದ್ದು 1985ರ ಕೊನೆಯಲ್ಲಿ, 970 ಸಿಸಿ ಎಂಜಿನ್ನಿನೊಂದಿಗೆ. ಕಿಂಗ್ ಬಂದದ್ದು 1996ರಲ್ಲಿ. 2019ರ ಹೊತ್ತಿಗೆ ಸಾಮಾನ್ಯ ಗಿರಾಕಿಗೆ ಹೊಸದು ಸಿಗುವುದು ನಿಂತಿತು. ಹಾಗಾಗಿ ಈಗ ಮಾರಾಟಕ್ಕೆ ಬರುವ ಜಿಪ್ಸಿ ಎಷ್ಟೇ ಹೊಳೆಯುತ್ತಿದ್ದರೂ ಹಳೇ ಗಾಡಿಯೇ. ಈ ಮಾತು ನನ್ನ ತಲೆಗೆ ಇಳಿದಿರಲಿಲ್ಲ.

ಕೊಂಡ ವಾರವೇ ನಮ್ಮೂರ ಮೇಸ್ತ್ರಿ ಹತ್ತಿರ ಒಯ್ದೆ. ಮೂವತ್ತು ವರ್ಷದಿಂದ ತೋಟಗಳ ಜೀಪು ನೋಡಿಕೊಂಡು ಬಂದವರು. ಜಾಕ್ ಕೊಟ್ಟು, ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಸ್ಕ್ರೂಡ್ರೈವರ್ ಹಿಡಿದುಕೊಂಡು ಕೆಳಗೆ ನುಗ್ಗಿದರು. ಹೊರಗೆ ಬಂದು ಹೇಳಿದ್ದು ಮೂರೇ ಮಾತು. "ಗೌಡ್ರೆ, ಕಿಂಗ್‌ಪಿನ್ ಬೇರಿಂಗ್ ಹೋಗಿದೆ. ಬ್ರೇಕ್ ಪೈಪು, ಹೋಸು ಎಲ್ಲ ಹಳೇದು, ಒಂದೂ ಬಿಡದೆ ಬದಲಾಯ್ಸಿ. ಹಿಂದ್ಗಡೆ ಚಾಸಿಸ್ ಪ್ಲೇಟು ಕೂರೋ ಜಾಗದಲ್ಲಿ ತುಕ್ಕು ತಿಂದಿದೆ. ಇದಿಷ್ಟು ಮಾಡಿಸ್ದೆ ಬೇರೆ ಏನೂ ಮುಟ್ಬೇಡಿ." ಕಿಂಗ್‌ಪಿನ್ ಬೇರಿಂಗ್ ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲಿನ ಬೇರಿಂಗು. ಚಾಸಿಸ್ ಅಂದರೆ ಗಾಡಿಯ ಕಬ್ಬಿಣದ ಅಡಿಚೌಕಟ್ಟು, ಪ್ಲೇಟು ಅಂದರೆ ಅದನ್ನು ಹೊರುವ ಸ್ಪ್ರಿಂಗ್ ಪಟ್ಟಿಗಳು. ಅರವತ್ತು, ಅರವತ್ತೈದು ಸಾವಿರ ಆಗಬಹುದು ಅಂದರು. ಕೆಲಸ ಮುಗಿದ ಮೇಲೆ ಹೊರಗೆ ಏನೂ ಕಾಣಿಸದ ಖರ್ಚು ಅದು. ಮುಂದಿನ ವರ್ಷ ನೋಡೋಣ ಅಂದೆ.

ಮುಂದಿನ ವರ್ಷ ದುಡ್ಡು ಕೈಗೆ ಬಂದಾಗ ಹೋದದ್ದು ಊರಿನಿಂದ ದೂರ, ನಗರದ ಒಂದು ಮಾಡಿಫಿಕೇಶನ್ ಅಂಗಡಿಗೆ. ಹೆಸರು ಬೇಡ. ಈ ಕೆಲಸ ಹೀಗೇ ಮಾಡುವ ಜಾಗಗಳು ಬೇಕಾದಷ್ಟಿವೆ. ಅಲ್ಲಿ ಸಾಲಾಗಿ ನಿಲ್ಲಿಸಿದ್ದ ಗಾಡಿಗಳನ್ನು ನೋಡಿಯೇ ನಾನು ಸೋತೆ. ಒಟ್ಟು ಬಿಲ್ಲು 2,40,000 ರೂಪಾಯಿ. ಸ್ಪ್ರಿಂಗ್ ಓವರ್ ಲಿಫ್ಟು, 31 ಇಂಚಿನ ಟೈರು, ಅಗಲದ ಡಿಸ್ಕು (ಟೈರು ಕೂರುವ ರಿಮ್ಮು), ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರು, ಕಬ್ಬಿಣದ ಬಂಪರು, ಎಲ್‌ಇಡಿ ಬಾರು, ಕೊನೆಗೆ ಇಡೀ ಅಡಿಭಾಗಕ್ಕೆ ಕಪ್ಪು ಅಂಡರ್‌ಬಾಡಿ ಕೋಟಿಂಗು. ಕಿಂಗ್‌ಪಿನ್, ಬ್ರೇಕ್ ಪೈಪು, ಚಾಸಿಸ್ ವಿಷಯ ಎತ್ತಿದ್ದಕ್ಕೆ "ಎಲ್ಲಾ ಚೆಕ್ ಮಾಡ್ತೀವಿ ಸಾರ್" ಅಂದರು. ಬಿಲ್ಲಿನಲ್ಲಿ ಅವುಗಳ ಒಂದು ಸಾಲೂ ಇರಲಿಲ್ಲ. ಇಲ್ಲದ ಆ ಸಾಲುಗಳನ್ನು ನಾನೂ ಹುಡುಕಲಿಲ್ಲ.

ಸ್ಪ್ರಿಂಗ್ ಓವರ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು, ಯಾಕೆಂದರೆ ಎಲ್ಲ ಅನಾಹುತವೂ ಅಲ್ಲಿಂದಲೇ ಶುರು. ಜಿಪ್ಸಿಗೆ ನಾಲ್ಕೂ ಕಡೆ ಪ್ಲೇಟು ಸ್ಪ್ರಿಂಗು. ಕಂಪನಿಯಿಂದ ಬಂದಾಗ ಪ್ಲೇಟುಗಳು ಆಕ್ಸಲ್ಲಿನ, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ದಂಡದ, ಕೆಳಗಿರುತ್ತವೆ. ಆಕ್ಸಲ್ ಹೌಸಿಂಗಿನ (ಆಕ್ಸಲ್ಲಿನ ಹೊರಕವಚದ) ಮೇಲೆ ಹೊಸ ಕೂರು, ಅಂದರೆ ಪ್ಲೇಟು ಕೂರುವ ಕಬ್ಬಿಣದ ಪೀಠ, ಬೆಸುಗೆ ಹಾಕಿ ಪ್ಲೇಟುಗಳನ್ನು ಮೇಲೆ ಕೂರಿಸಿದರೆ ಗಾಡಿ ಒಂದೇ ಏಟಿಗೆ ಐದು ಇಂಚಿನಷ್ಟು ಏರುತ್ತದೆ. ಏರುವುದು ಬಾಡಿ ಮತ್ತು ಚಾಸಿಸ್. ಆಕ್ಸಲ್ಲು ಇದ್ದಲ್ಲೇ ಇರುತ್ತದೆ. ಅಂದರೆ ಚಾಸಿಸ್ಸಿನಿಂದ ಆಕ್ಸಲ್ಲಿಗೆ ಹೋಗುವ ಪ್ರತಿಯೊಂದಕ್ಕೂ ಐದು ಇಂಚು ಸಾಲದೆ ಬರುತ್ತದೆ. ಬ್ರೇಕಿನ ರಬ್ಬರ್ ಹೋಸು, ಎಂಜಿನ್ನಿನ ಶಕ್ತಿಯನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು, ಆಕ್ಸಲ್ಲಿನೊಳಗಿನ ಗಾಳಿ ಹೋಗಿಬರುವ ಬ್ರೀದರ್ ಪೈಪು ಎಲ್ಲದಕ್ಕೂ. ಸ್ಟಿಯರಿಂಗ್ ಬಾಕ್ಸಿನಿಂದ ಇಳಿಯುವ ಡ್ರ್ಯಾಗ್ ಲಿಂಕು ಎಂಬ ಸರಳು ಕಡಿದಾಗಿ ಓರೆಯಾಗುತ್ತದೆ, ಗುಂಡಿಗೆ ಬಿದ್ದಾಗಲೆಲ್ಲ ಸ್ಟಿಯರಿಂಗು ತಾನಾಗಿ ಎಳೆಯುತ್ತದೆ. ತಿಳಿದು ಮಾಡುವವರು ಇವೆಲ್ಲವನ್ನೂ ಹೊಸ ಅಳತೆಗೆ ಬದಲಾಯಿಸುತ್ತಾರೆ. ಈ ಕೆಲಸದ ನಿಜವಾದ ಖರ್ಚು ಇರುವುದೇ ಅಲ್ಲಿ. ಅದನ್ನು ಬಿಟ್ಟಿದ್ದರಿಂದಲೇ ನನಗೆ ಕಡಿಮೆ ರೇಟು ಸಿಕ್ಕಿದ್ದು.

ಟೈರಿನ ಲೆಕ್ಕವನ್ನೂ ನೋಡಿ. ನನ್ನ ಗಾಡಿಯಲ್ಲಿ ಇದ್ದದ್ದು 205/70 ಆರ್ 15, ಎತ್ತರ 668 ಮಿಲಿಮೀಟರ್. 31 ಇಂಚು ಅಂದರೆ 787 ಮಿಲಿಮೀಟರ್, ಸುಮಾರು 18 ಪರ್ಸೆಂಟ್ ದೊಡ್ಡದು. ಮೀಟರು 60 ತೋರಿಸುವಾಗ ಗಾಡಿ 70 ದಾಟಿರುತ್ತದೆ. ಅಷ್ಟೇ ಬಿಗಿಯಾಗಿ ನಿಲ್ಲಬೇಕಾದರೆ ಬ್ರೇಕು ಅಷ್ಟೇ ಪಾಲು ಹೆಚ್ಚು ದುಡಿಯಬೇಕು. ಇಳಿಜಾರಿನಲ್ಲಿ ಗೇರು ಕಟ್ಟಿ ಹಿಡಿಯುವ ಎಂಜಿನ್ನಿನ ಶಕ್ತಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಆಮೇಲೆ ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆ, ಡಿಸ್ಕು ಸೇರಿ ಒಂದೊಂದು ಚಕ್ರ ಹಳೆಯದಕ್ಕಿಂತ 12 ಕಿಲೋ ಹೆಚ್ಚಿತ್ತು. ಸವೆದ ಕಿಂಗ್‌ಪಿನ್ ಬೇರಿಂಗಿಗೆ ಈ ತೂಕ ನೇತುಹಾಕಿ, ಸ್ಪೇಸರ್ ಕೊಟ್ಟು ಹೊರಕ್ಕೂ ತಳ್ಳಿದ್ದರು.

ಗಾಡಿ ಮನೆಗೆ ಬಂದ ಮೊದಲ ವಾರವೇ ಸ್ಟಿಯರಿಂಗ್ ನಡುಕ ಶುರುವಾಯಿತು. ಐವತ್ತರ ಹತ್ತಿರ ಹೋಗುವಾಗ ಸಣ್ಣ ಗುಂಡಿ ಸಿಕ್ಕರೆ ಸಾಕು, ಮುಂದಿನ ಎರಡೂ ಚಕ್ರ ಪಟಪಟನೆ ಹೊಡೆದುಕೊಂಡು ಕೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ. ಪೂರ್ತಿ ನಿಲ್ಲಿಸಿದರೇ ನಡುಕ ನಿಲ್ಲುತ್ತಿದ್ದದ್ದು. ಅಂಗಡಿಗೆ ವಾಪಸ್ ಹೋದೆ. ಅವರು ಸ್ಟಿಯರಿಂಗ್ ಡ್ಯಾಂಪರ್ ಅಂತ ಒಂದು ಸಣ್ಣ ಶಾಕ್ ಅಬ್ಸಾರ್ಬರ್ ಹಾಕಿ ಆರೂವರೆ ಸಾವಿರ ತಗೊಂಡರು. ನಡುಕ ನಿಂತಿತು. ಇದನ್ನು ಒತ್ತಿ ಹೇಳುತ್ತೇನೆ: ನಡುಗುವ ಜಿಪ್ಸಿಗೆ ಡ್ಯಾಂಪರ್ ಹಾಕುವುದು ಜ್ವರದ ಮೂಲ ಹುಡುಕದೆ ಮಾತ್ರೆ ನುಂಗಿದ ಹಾಗೆ. ಬೇರಿಂಗು ಒಳಗೆ ಸವೆಯುತ್ತಲೇ ಇರುತ್ತದೆ, ನಿಮಗೆ ಗೊತ್ತಾಗುವ ದಾರಿಯೊಂದು ಮುಚ್ಚಿಹೋಗಿರುತ್ತದೆ.

ಆಮೇಲೆ ಹಿಂದಿನ ಬಲಚಕ್ರದ ಒಳಗಡೆ ಗೇರ್ ಆಯಿಲ್ ವಾಸನೆ. ಡಿಸ್ಕಿನ ಅಂಚಿನಲ್ಲಿ ಕಪ್ಪು ಜಿಡ್ಡು. ಮಳೆಗಾಲ ಮುಗಿಯಲಿ, ಬಿಚ್ಚಿಸೋಣ ಅಂದುಕೊಂಡೆ. ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಎಲ್ಲೋ ರಬ್ಬರು ಉಜ್ಜುವ ಸದ್ದೂ ಬರುತ್ತಿತ್ತು. ಟೈರು ಪ್ಲೇಟಿಗೆ ತಾಗುತ್ತಿದೆ, ದೊಡ್ಡ ಟೈರು ಅಂದಮೇಲೆ ಇದ್ದದ್ದೇ ಅಂತ ಅಂಗಡಿಯವರು ಫೋನಿನಲ್ಲೇ ಹೇಳಿದರು.

ನವೆಂಬರಿನ ಆ ದಿನ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರ ದಾಟಿ, ಘಾಟಿಯ ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಇಳಿದು ಕೈಮುಗಿದು ಮುಂದೆ ಹೋದೆವು. ಮೂರನೇ ಗೇರು. ಒಂದು ತಿರುವಿನಲ್ಲಿ ಎದುರಿಂದ ಬಸ್ಸು ಬಂತು, ಬ್ರೇಕ್ ಒತ್ತಿದೆ. ಕೆಳಗೆ ಟಪ್ ಅಂತ ಸದ್ದು, ಪೆಡಲು ನೆಲಕ್ಕೆ ಹೋಯಿತು. ಎರಡು ಸಲ ಪಂಪ್ ಮಾಡಿದೆ, ಏನೂ ಇಲ್ಲ. ಬಸ್ಸು ಪಕ್ಕದಿಂದ ಹೇಗೆ ದಾಟಿತೋ ಈಗಲೂ ನೆನಪಿಲ್ಲ. ಎರಡನೇ ಗೇರಿಗೆ ಹಾಕಿದೆ, ಎಂಜಿನ್ ಕೂಗಿಕೊಂಡಿತೇ ಹೊರತು ಗಾಡಿ ಹಿಡಿತಕ್ಕೆ ಬರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ, ಅದೂ ನಿಲ್ಲಿಸಲಿಲ್ಲ. ನಮ್ಮ ಪುಣ್ಯಕ್ಕೆ ಅಲ್ಲಿ ಗುಡ್ಡ ಇದ್ದದ್ದು ಎಡಕ್ಕೆ. ಎಡಗಡೆ ಚಕ್ರಗಳನ್ನು ಚರಂಡಿಗಿಳಿಸಿ ಗುಡ್ಡಕ್ಕೆ ಉಜ್ಜಿಸುತ್ತಾ ಹೋದೆ. ಬಂಪರು ಬಂಡೆಗೆ ಬಡಿದು ಗಾಡಿ ನಿಂತಿತು. ಅಪ್ಪನ ಮುಂಗೈ ಮೂಳೆ ಮುರಿದಿತ್ತು. ಹಿಂದಿನ ಅಡ್ಡ ಸೀಟಿನಲ್ಲಿದ್ದ ಮಗಳ ಹಣೆಗೆ ಮೂರು ಹೊಲಿಗೆ ಬಿತ್ತು. ತಿರುವಿನ ಆಚೆ ಬದಿ ಪ್ರಪಾತ.

ಎರಡು ದಿನ ಬಿಟ್ಟು ಗಾಡಿಯನ್ನು ಎಳೆಸಿಕೊಂಡು ಬಂದು ಮೇಸ್ತ್ರಿಯ ಶೆಡ್ಡಿನಲ್ಲಿ ನಿಲ್ಲಿಸಿದೆ. ಅವರು ಒಂದು ಮಾತೂ ಬೈಯಲಿಲ್ಲ. ಟಾರ್ಚು ಕೊಟ್ಟು, ನೀವೂ ಬನ್ನಿ ಅಂತ ಪಕ್ಕದಲ್ಲಿ ಮಲಗಿಸಿಕೊಂಡು ಒಂದೊಂದಾಗಿ ತೋರಿಸಿದರು.

ಎಡಗಡೆ ಮುಂದಿನ ಬ್ರೇಕ್ ಹೋಸು ಹಳೆಯದೇ, ಕಂಪನಿ ಉದ್ದದ್ದೇ. ಸಾಲದಿದ್ದಕ್ಕೆ ಅದನ್ನು ಚಾಸಿಸ್ಸಿನ ಬ್ರ್ಯಾಕೆಟ್ಟಿನಿಂದ ಬಿಚ್ಚಿ, ಕಬ್ಬಿಣದ ಪೈಪನ್ನೇ ಕೆಳಗೆ ಬಗ್ಗಿಸಿ, ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದ್ದರು. ಟೈ ಹರಿದಿತ್ತು. ಚಕ್ರ ಗುಂಡಿಗಿಳಿದಾಗೆಲ್ಲ ಹೋಸು ಎಳೆದುಕೊಂಡಿದೆ, ತಿರುಗಿದಾಗೆಲ್ಲ ಟೈರು ಅದನ್ನು ಉಜ್ಜಿದೆ. ನನಗೆ ಕೇಳಿಸುತ್ತಿದ್ದ ಸದ್ದು ಅದೇ. ಮುಂದಿನ ಚಕ್ರಗಳ ಬ್ರೇಕು ಹೋದರೂ ಹಿಂದಿನದು ಬೇರೆ ದಾರಿ, ಅದಾದರೂ ಹಿಡಿಯಬೇಕಿತ್ತಲ್ಲ? ಹಿಂದಿನ ಬ್ರೇಕಿನ ಡ್ರಮ್ಮು ಬಿಚ್ಚಿದರೆ, ಅದಕ್ಕೆ ಒತ್ತಿ ಹಿಡಿಯುವ ಲೈನರ್ ಪಟ್ಟಿ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಆಕ್ಸಲ್ಲಿನ ಬ್ರೀದರ್ ಮೇಲೆ ಅಂಡರ್‌ಬಾಡಿ ಕೋಟಿಂಗು ಬಳಿದು ಮುಚ್ಚಿಬಿಟ್ಟಿದ್ದರು. ಓಡಿದಾಗ ಹೌಸಿಂಗಿನೊಳಗೆ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹೊರಗೆ ಹೋಗಲು ದಾರಿ ಇಲ್ಲದೆ ಎಣ್ಣೆಯನ್ನು ಸೀಲಿನಿಂದಾಚೆ ಡ್ರಮ್ಮಿಗೆ ತಳ್ಳುತ್ತದೆ. ಮುಂದಿನ ಆಕ್ಸಲ್ಲಿನ ಕಥೆ ಇನ್ನೊಂದು ಥರ. ಬಿಸಿ ಹೌಸಿಂಗು ಹಳ್ಳದ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಕಡೆಯಿಂದ ನೀರು ಎಳೆದುಕೊಂಡಿತ್ತು. ಡ್ರೈನ್ ಬೋಲ್ಟು ತೆಗೆದರೆ ಬಂದದ್ದು ಹಾಲು ಜಾಸ್ತಿಯಾದ ಕಾಫಿಯಂಥ ಎಣ್ಣೆ.

ಕೋಟಿಂಗು ಇನ್ನೂ ಒಂದು ಕೆಲಸ ಮಾಡಿತ್ತು. ಮೇಸ್ತ್ರಿ ಎರಡು ವರ್ಷದ ಹಿಂದೆ ತೋರಿಸಿದ್ದ ಜಾಗಕ್ಕೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ತುಕ್ಕು ಕೆರೆಯದೆ ಮೇಲೆ ಬಳಿದರೆ ತೇವ ಒಳಗೇ ಕೂತು ತಿನ್ನುತ್ತದೆ. ಮಲೆನಾಡಿನ ಮಳೆಗೆ ಎರಡು ವರ್ಷ ಬೇಕಾದಷ್ಟಾಯಿತು. ಕಪ್ಪಗೆ ಮಿರಮಿರ ಹೊಳೆಯುವ ಅಡಿಭಾಗ ತೋರಿಸಿ ಯಾರಾದರೂ ಜಿಪ್ಸಿ ಮಾರಲು ಬಂದರೆ, ಹಿಂದಿನ ಪ್ಲೇಟು ಚಾಸಿಸ್ಸಿಗೆ ಸೇರುವ ಹ್ಯಾಂಗರ್ ಸುತ್ತ ಕುಟ್ಟಿ, ಚುಚ್ಚಿ ನೋಡಲು ಒಪ್ಪಿದರೆ ಮಾತ್ರ ವ್ಯಾಪಾರ ಮಾತಾಡಿ.

ಕಾಗದದ ವಿಷಯವೂ ಇದೆ. ನನ್ನದು ಬರೀ ಥರ್ಡ್ ಪಾರ್ಟಿ ವಿಮೆ, ರಿಪೇರಿ ಖರ್ಚೆಲ್ಲ ನನ್ನದೇ. ಆ ಬಸ್ಸಿಗೋ ಒಂದು ಬೈಕಿಗೋ ಗುದ್ದಿದ್ದರೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಿಸಿದ ಕಂಪನಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. "ಎಲ್ಲರೂ ಹಾಕಿಸ್ತಾರೆ ಸಾರ್, ಏನೂ ಆಗಲ್ಲ" ಅನ್ನುವ ಅಂಗಡಿಯವರು ಅಪಘಾತದ ಕೇಸಿನಲ್ಲಿ ನಿಮ್ಮ ಪಕ್ಕ ಬಂದು ನಿಲ್ಲುವುದಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ತಪಾಸಣೆಗೆ ಒಯ್ದು ಆರ್‌ಸಿ ನವೀಕರಿಸಬೇಕು. ನನ್ನದು 2024ಕ್ಕೆ ಬರುತ್ತಿತ್ತು. ಆ ಅವತಾರದಲ್ಲಿ ಒಯ್ಯುವಂತೆಯೇ ಇರಲಿಲ್ಲ.

ಮೇಸ್ತ್ರಿ ನಾಲ್ಕು ತಿಂಗಳು ತಗೊಂಡರು. ಬೆಸುಗೆಯ ಕೂರುಗಳನ್ನು ಕತ್ತರಿಸಿ ತೆಗೆದು ಪ್ಲೇಟುಗಳನ್ನು ಮತ್ತೆ ಆಕ್ಸಲ್ಲಿನ ಕೆಳಗೆ ಕಟ್ಟಿದರು. ಹಿಂದಿನ ಹೌಸಿಂಗು ಬೆಸುಗೆಯ ಕಾವಿಗೆ ಬಾಗಿದ್ದರಿಂದ ಬೇರೆಯದನ್ನೇ ಹುಡುಕಿ ತಂದರು. ಚಾಸಿಸ್ಸಿನ ಕೊಳೆತ ಭಾಗ ಕೊಯ್ದು ಹೊಸ ತಗಡು ಕೂರಿಸಿದರು. ಕಿಂಗ್‌ಪಿನ್ ಬೇರಿಂಗ್ ಹೊಸದು ಹಾಕಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಬಿಗಿ ನೋಡಿ, ಶಿಮ್ಮು (ತೆಳು ತಗಡಿನ ಬಿಲ್ಲೆ) ಹೆಚ್ಚು ಕಡಿಮೆ ಮಾಡಿ ಕೂರಿಸಿದರು. ಡ್ಯಾಂಪರ್ ತೆಗೆದೇ ಓಡಿಸಿ ತೋರಿಸಿದರು, ನಡುಕ ಇಲ್ಲ. ಬ್ರೇಕಿನ ಹೋಸು, ಪೈಪು, ಸಿಲಿಂಡರು ಒಂದೂ ಬಿಡದೆ ಹೊಸದು. ಬ್ರೀದರಿಗೆ ಉದ್ದ ರಬ್ಬರ್ ಪೈಪು ಸಿಕ್ಕಿಸಿ ಮೇಲೆತ್ತಿ ಕಟ್ಟಿದರು. ನನ್ನ ಮಟ್ಟಿಗೆ ಹಳ್ಳ ದಾಟುವ ಗಾಡಿಗೆ ಮಾಡಿಸಬೇಕಾದ ಮೊದಲ ಅಪ್‌ಗ್ರೇಡು ಅದೇ, ಖರ್ಚು ಐನೂರು ರೂಪಾಯಿಯೂ ಆಗುವುದಿಲ್ಲ. ಎಲ್ಲ ಸೇರಿ 1,70,000 ಆಯಿತು. ಹಳೇ ಅಳತೆಯ ಟೈರಿನಲ್ಲೇ ಕಳೆದ ಮಳೆಗಾಲವಿಡೀ ಮನೆದಾರಿ ಹತ್ತಿಳಿದಿದೆ, ಒಂದು ದಿನವೂ ಹೂತುಕೊಂಡಿಲ್ಲ.

ಈಗಾಗಲೇ ಲಿಫ್ಟ್ ಮಾಡಿಸಿರುವವರು ಇವತ್ತೇ ಒಂದು ಕೆಲಸ ಮಾಡಿ. ಸಮತಟ್ಟು ಜಾಗದಲ್ಲಿ ಚಾಸಿಸ್ಸಿಗೆ ಜಾಕ್ ಕೊಟ್ಟು ಮುಂದಿನ ಚಕ್ರ ಪೂರ್ತಿ ಜೋತುಬೀಳಲಿ. ಕೆಳಗೆ ಸ್ಟ್ಯಾಂಡ್ ಇಡದೆ ಮಾತ್ರ ಒಳಗೆ ಹೋಗಬೇಡಿ. ಇನ್ನೊಬ್ಬರು ಸ್ಟಿಯರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸುತ್ತಿರಲಿ, ನೀವು ಹೋಸಿನ ಮೇಲೆ ಟಾರ್ಚು ಬಿಡಿ. ಅದು ತಂತಿಯಂತೆ ಬಿಗಿದರೆ, ಇಲ್ಲವೇ ಎಲ್ಲಾದರೂ ಒಂದು ಬದಿ ನುಣ್ಣಗೆ ಸವೆದಿದ್ದರೆ, ಗಾಡಿಯನ್ನು ಅಲ್ಲಿಂದ ಹೊರಗೆ ತೆಗೆಯಬೇಡಿ. ಹಿಂದಿನ ಡ್ರಮ್ಮನ್ನೂ ಒಮ್ಮೆ ಬಿಚ್ಚಿಸಿ.

ಆ ನಾಲ್ಕು ಟೈರು, ಡಿಸ್ಕು, ಸ್ಪೇಸರು ಕಣದ ಪಕ್ಕದ ಶೆಡ್ಡಿನಲ್ಲಿವೆ. ಟೈರು ಇನ್ನೂ ಮುಕ್ಕಾಲು ಪಾಲು ಚೆನ್ನಾಗಿದೆ, ಕೇಳಿಕೊಂಡು ಬರುವವರಿದ್ದಾರೆ. ಯಾವ ಗಾಡಿಗೆ ಅಂತ ಕೇಳುತ್ತೇನೆ. ಜಿಪ್ಸಿಗೆ ಅಂದರೆ ಕಾಫಿ ಕೊಟ್ಟು, ಹರಿದ ಆ ಹೋಸು ತೋರಿಸಿ ಕಳಿಸುತ್ತೇನೆ.