ಮುಂಬೈನಿಂದ ಹಡಗು ಹತ್ತುವ ದಿನ: ರಾತ್ರಿ ಬಸ್ಸೋ, ವಿಮಾನವೋ, ಒಂದು ದಿನ ಮೊದಲೇ ರೈಲೋ?

ಬೆಳಗಾವಿಯಿಂದ ಮುಂಬೈಗೆ ಹೋಗಿ ಕ್ರೂಸ್ ಹಡಗು ಹತ್ತುವವರು ಯಾರೇ ಕೇಳಲಿ, ನನ್ನ ಉತ್ತರ ಒಂದೇ. ಒಂದು ದಿನ ಮೊದಲೇ ರೈಲಿನಲ್ಲಿ ಹೋಗಿ. ಬಂದರಿನ ಹತ್ತಿರ ಒಂದು ರಾತ್ರಿ ಮಲಗಿ. ಮರುದಿನ ಮೊದಲ ಸ್ಲಾಟ್‌ಗೇ, ಅಂದರೆ ಹಡಗು ಹತ್ತಲು ಕೊಡುವ ಮೊದಲ ಹೊತ್ತಿಗೇ, ಬಂದರಿನ ಗೇಟಿಗೆ ಹೋಗಿ. ರಾತ್ರಿ ಬಸ್ಸಿನಲ್ಲಿ ಹೊರಟು ಹಡಗಿನ ದಿನವೇ ಬೆಳಗ್ಗೆ ಇಳಿಯುವುದನ್ನು ಮಾಡಿ ನೋಡಿದ್ದೇನೆ. ವಿಮಾನವನ್ನೂ ನೋಡಿದ್ದೇನೆ. ಎರಡರಲ್ಲೂ ಹಡಗು ತಪ್ಪಲಿಲ್ಲ. ಆದರೂ ನನ್ನ ಮನಸ್ಸು ರೈಲಿನ ಕಡೆಗೇ ಇದೆ.

ಬಸ್ಸಿನ ಲೆಕ್ಕ ಮೇಲ್ನೋಟಕ್ಕೆ ತುಂಬಾ ಚೆನ್ನಾಗಿದೆ. ಮನೆಯಲ್ಲಿ ಊಟ ಮಾಡಿ ಹತ್ತಬಹುದು, ಸ್ಲೀಪರ್‌ನಲ್ಲಿ ಕಾಲು ಚಾಚಿ ಮಲಗಬಹುದು, ಬೆಳಗಾಗುವಷ್ಟರಲ್ಲಿ ಮುಂಬೈ. ಹಡಗು ಬಿಡುವುದು ಸಂಜೆ. ಇಡೀ ದಿನ ಕೈಯಲ್ಲಿದೆ, ಇನ್ನೇನು ಬೇಕು ಅನ್ನಿಸುತ್ತದೆ. ತೊಂದರೆ ಇರುವುದು ಆ ಇಡೀ ದಿನದಲ್ಲೇ.

ದಾರಿಯ ಮಾತು ಸ್ವಲ್ಪದರಲ್ಲಿ ಮುಗಿಸುತ್ತೇನೆ. ನಿಪ್ಪಾಣಿ, ಕೊಲ್ಹಾಪುರ, ಸಾತಾರಾ, ಪುಣೆ, ಹೆಚ್ಚುಕಡಿಮೆ ಐನೂರು ಕಿಲೋಮೀಟರ್. ಕೊಲ್ಹಾಪುರ ಮತ್ತು ಸಾತಾರಾ ನಡುವೆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಗಾಡಿ ಪದೇ ಪದೇ ಪಕ್ಕದ ರಸ್ತೆಗೆ ಇಳಿದು ಹತ್ತುತ್ತಿತ್ತು. ಅವ್ವನಿಗೆ ಕಣ್ಣು ಹತ್ತಲಿಲ್ಲ. ಖಂಡಾಲಾ ಘಾಟಿನಲ್ಲಿ ಟ್ರಕ್ಕುಗಳ ಸಾಲು ಬೇರೆ.

ಈಗ ಸಾಮಾನಿನ ವಿಷಯ. ಇದನ್ನು ವಿವರವಾಗಿ ಹೇಳಲೇಬೇಕು. ಹೊರಡುವ ಮೊದಲು ಇದರ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ.

ಬೆಳಗ್ಗೆ ಏಳರ ಸುಮಾರಿಗೆ ನೀವು ಸೂಟ್‌ಕೇಸು, ಕೈಚೀಲ ಹಿಡಿದು ಮುಂಬೈನಲ್ಲಿ ನಿಂತಿರುತ್ತೀರಿ. ಹಡಗಿನ ಬೋರ್ಡಿಂಗ್ ಪಾಸಿನ ಮೇಲೆ ನಿಮ್ಮ ಸ್ಲಾಟ್ ಬರೆದಿರುತ್ತದೆ. ನಮ್ಮದು ಮಧ್ಯಾಹ್ನದ ನಂತರದ್ದು. ಆ ಹೊತ್ತಿಗೆ ಮುಂಚೆ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ದೊಡ್ಡ ಸೂಟ್‌ಕೇಸಿಗೆ ಟ್ಯಾಗ್ ಕಟ್ಟಿ ತೆಗೆದುಕೊಳ್ಳುವುದೂ ಆಗಲೇ. ಅಲ್ಲಿಯವರೆಗೆ ಆ ಸಾಮಾನು ಎಲ್ಲಿಡುವುದು?

ರೈಲು ನಿಲ್ದಾಣದ ಕ್ಲೋಕ್ ರೂಮ್ ಇದೆಯಲ್ಲ ಅಂತ ನೀವು ಅನ್ನಬಹುದು. ಅಲ್ಲಿ ಸಾಮಾನು ಇಡಬೇಕಾದರೆ ರೈಲಿನ ಟಿಕೆಟ್ ತೋರಿಸಬೇಕು. ಬಸ್ಸಿನ ಟಿಕೆಟ್ ನಡೆಯುವುದಿಲ್ಲ. ಪ್ರತಿ ಬ್ಯಾಗಿಗೂ ಬೀಗ ಇರಬೇಕು. ತಿನ್ನುವ ಸಾಮಾನು ಇಡುವ ಹಾಗಿಲ್ಲ. ನಮ್ಮ ಕಡೆಯವರ ಬ್ಯಾಗಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಕುಂದಾ ಇಲ್ಲದೆ ಇರುತ್ತದಾ? ನಿಲ್ದಾಣದ ರಿಟೈರಿಂಗ್ ರೂಮಿಗೂ ಅದೇ ಕಥೆ, ರೈಲಿನ ಪಿಎನ್‌ಆರ್ ನಂಬರ್ ಬೇಕು.

ಹೋಟೆಲ್ ರೂಮ್ ಹಿಡಿಯೋಣ ಅಂದರೆ ಬಂದರಿನ ಹತ್ತಿರದ ಫೋರ್ಟ್ ಕಡೆಯ ಹೋಟೆಲುಗಳು ಚೆಕ್-ಇನ್ ಕೊಡುವುದು ಮಧ್ಯಾಹ್ನ. ಬೆಳಗ್ಗೆ ಕೊಟ್ಟರೂ ಇಡೀ ದಿನದ ಬಾಡಿಗೆ. ನಾಲ್ಕು ತಾಸಿಗೆ ಒಂದು ರಾತ್ರಿಯ ದುಡ್ಡು ಕೊಡಬೇಕು, ಆದರೆ ಆ ರಾತ್ರಿಯ ನಿದ್ದೆ ಸಿಗುವುದಿಲ್ಲ.

ಕೊನೆಗೆ ನಾವು ಒಂದು ಉಡುಪಿ ಹೋಟೆಲಿನಲ್ಲಿ ಕೂತೆವು. ಇಡ್ಲಿ ಆಯಿತು, ಚಹಾ ಆಯಿತು, ಮತ್ತೆ ಚಹಾ ಆಯಿತು. ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿರುವಾಗ ಸುಮ್ನೆ ಟೇಬಲ್ ಹಿಡಿದು ಕೂರುವುದು ಸರಿ ಅನ್ನಿಸಲಿಲ್ಲ. ಎದ್ದು ಹೊರಗೆ ನೆರಳು ಹುಡುಕಿದೆವು. ಒಬ್ಬರು ಸಾಮಾನು ಕಾಯಬೇಕು, ಒಬ್ಬರು ಅವ್ವನನ್ನು ಶೌಚಾಲಯಕ್ಕೆ ಕರೆದೊಯ್ಯಬೇಕು. “ಇನ್ನ ಎಷ್ಟೊತ್ತೋ ತಮ್ಮಾ?” ಅಂತ ಅವ್ವ ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಸಕ್ಕರೆ ಕಾಯಿಲೆಯವರು ಅವರು. ಹೊತ್ತಿಗೆ ಸರಿಯಾಗಿ ಊಟ ಬೇಕು, ಸ್ವಲ್ಪ ಅಡ್ಡಾಗಬೇಕು. ಎರಡೂ ಆಗಲಿಲ್ಲ.

ಹಡಗು ಹತ್ತಿದ ಮೇಲೂ ಇದರ ಪೆಟ್ಟು ಬೀಳುತ್ತದೆ. ಕೋಣೆ ಸಿಕ್ಕ ಕೂಡಲೇ ಎಲ್ಲರೂ ಬಿದ್ದು ಮಲಗಿದೆವು. ಅಷ್ಟರಲ್ಲೇ ಸುರಕ್ಷತಾ ಡ್ರಿಲ್. ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು. ಎದ್ದು ಹೋಗಲೇಬೇಕು, ಹೋಗುವುದೇ ಸರಿ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಅದಕ್ಕೆ ಮುಂಚೆ ಹತ್ತಿದ 24 ತಾಸಿನೊಳಗೆ ಡ್ರಿಲ್ ಮಾಡಿದರೆ ಸಾಕಿತ್ತು. 2015ರಿಂದ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕು ಅಂತ ಅಂತರರಾಷ್ಟ್ರೀಯ ನಿಯಮ ಬಂತು. ಲೈಫ್ ಜಾಕೆಟ್ ಹೇಗೆ ಕಟ್ಟಬೇಕು, ಎಲ್ಲಿ ಸೇರಬೇಕು ಅನ್ನುವುದನ್ನು ನಿದ್ದೆಗಣ್ಣಲ್ಲಿ ಕೇಳಬಾರದು. ರಾತ್ರಿ ನಿದ್ದೆಗೆಟ್ಟು ಬಂದವರು ಹಾಗೆಯೇ ಕೇಳುತ್ತಾರೆ.

ವಿಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದರೆ ಮೈ ನೋಯುವುದಿಲ್ಲ, ನಿಜ. ಆದರೆ ಬೆಂಗಳೂರಿನ ಹಾಗೆ ಇಲ್ಲಿಂದ ಮುಂಬೈಗೆ ತಾಸಿಗೊಂದು ವಿಮಾನ ಇಲ್ಲ. ಒಂದು ತಡವಾದರೆ ಅದನ್ನೇ ಕಾಯಬೇಕು, ರದ್ದಾದರೆ ಅವತ್ತಿಗೆ ಬೇರೆ ದಾರಿ ಹುಡುಕಬೇಕು. ನಮ್ಮದು ತಡವಾಯಿತು. ಮುಂಬೈನಲ್ಲಿ ಇಳಿದ ಮೇಲೂ ವಿಮಾನ ನಿಲ್ದಾಣದಿಂದ ಬಂದರಿಗೆ ಇಡೀ ನಗರ ದಾಟಬೇಕು. ಹಡಗು ಹೊರಡುವುದಕ್ಕಿಂತ ಬಹಳ ಮೊದಲೇ ಚೆಕ್-ಇನ್ ಮುಚ್ಚುತ್ತಾರೆ. ಪ್ರಯಾಣಿಕರ ಪಟ್ಟಿ ಅಂತಿಮ ಆಗಬೇಕು, ಹಡಗನ್ನು ಬಂದರಿನಿಂದ ಹೊರಗೆ ದಾಟಿಸುವ ಬಂದರಿನ ಪೈಲಟ್ ಬರುವ ಹೊತ್ತು ನಿಗದಿಯಾಗಿರುತ್ತದೆ. ನಾಲ್ಕು ಜನರಿಗಾಗಿ ಹಡಗು ನಿಲ್ಲುವುದಿಲ್ಲ. ಟ್ಯಾಕ್ಸಿಯಲ್ಲಿ ಕೂತು ಗಡಿಯಾರ ನೋಡುತ್ತಾ ಬಂದ ಆ ಪ್ರಯಾಣ ನನಗೆ ಬೇಡ. ದುಡ್ಡೂ ಎಲ್ಲಕ್ಕಿಂತ ಜಾಸ್ತಿ.

ಇನ್ನು ನನ್ನ ಇಷ್ಟದ ದಾರಿ. ಹಡಗು ಶುಕ್ರವಾರ ಅಂದುಕೊಳ್ಳಿ. ಬುಧವಾರ ಬೆಳಗಾವಿಯಲ್ಲಿ ಮುಂಬೈನ ದಾದರ್ ಕಡೆಯ ರೈಲು ಹತ್ತುವುದು, ಗುರುವಾರ ದಾದರ್‌ನಲ್ಲಿ ಇಳಿಯುವುದು. ಅಲ್ಲಿಂದ ಸಿಎಸ್‌ಎಂಟಿ (ಹಳೆಯ ವಿ.ಟಿ. ರೈಲು ನಿಲ್ದಾಣ) ಹತ್ತಿರದ ಹೋಟೆಲಿಗೆ ಕಾಳಿ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿ. ದಕ್ಷಿಣ ಮುಂಬೈಗೆ ಆಟೋ ಬರುವುದಿಲ್ಲ, ಆಟೋ ಹುಡುಕುತ್ತಾ ನಿಲ್ಲಬೇಡಿ. ಲೋಕಲ್ ರೈಲೂ ಇದೆ, ಆದರೆ ಬೆಳಗಿನ ನೂಕುನುಗ್ಗಲಲ್ಲಿ ಸೂಟ್‌ಕೇಸು ಹಿಡಿದು ಹತ್ತುವ ಕೆಲಸ ಹಿರಿಯರ ಜೊತೆ ಆಗದು.

ಗುರುವಾರವೂ ರೂಮ್ ಸಿಗುವುದು ಮಧ್ಯಾಹ್ನವೇ. ಆದರೆ ಬುಕ್ ಮಾಡಿದ ಹೋಟೆಲು ನಮ್ಮ ಸಾಮಾನನ್ನು ರಿಸೆಪ್ಷನ್‌ನಲ್ಲಿ ಇಟ್ಟುಕೊಂಡಿತು. ಶುಕ್ರವಾರ ರೂಮ್ ಬಿಟ್ಟ ಮೇಲೂ ಇಟ್ಟುಕೊಂಡಿತು. ಒಂದು ರಾತ್ರಿಯ ಬಾಡಿಗೆಗೆ ಹಾಸಿಗೆಯ ಜೊತೆ ಎರಡು ದಿನ ಸಾಮಾನಿಗೆ ಕಾವಲೂ ಸಿಕ್ಕಿತು. ನಾನು ಆ ದುಡ್ಡನ್ನು ನೋಡುವುದು ಹೀಗೆ. ಬುಕ್ ಮಾಡುವಾಗ ಫೋನ್ ಮಾಡಿ ಇದೊಂದನ್ನು ಕೇಳಿಕೊಳ್ಳಿ.

ಒಂದು ದಿನ ಕೈಯಲ್ಲಿದ್ದರೆ ಆ ಭಾಗ ಸುತ್ತಲು ಬಹಳ ಚೆಂದ. ಬಂದರಿನ ಪಕ್ಕದ ಬಲ್ಲಾರ್ಡ್ ಎಸ್ಟೇಟಿನ ವಿನ್ಯಾಸ ಬ್ರಿಟಿಷ್ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಅವರದು. ಗೇಟ್‌ವೇ ಆಫ್ ಇಂಡಿಯಾ, ಹಳೆಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಕೂಡ ಅವರದೇ. ಬ್ರಿಟಿಷರ ಕಾಲದಲ್ಲಿ ವಿಲಾಯತಿಯಿಂದ ಬಂದವರು ಈಗ ನಾವು ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ನಲ್ಲಿ ಹಡಗು ಇಳಿದು, ಅಲ್ಲೇ ಪಕ್ಕದಲ್ಲಿದ್ದ ನಿಲ್ದಾಣದಿಂದ ಫ್ರಾಂಟಿಯರ್ ಮೇಲ್ ರೈಲು ಹತ್ತಿ ಪೇಶಾವರದ ಕಡೆ ಹೋಗುತ್ತಿದ್ದರಂತೆ. ಸಂಜೆ ಅವ್ವನನ್ನು ಆ ರಸ್ತೆಗಳಲ್ಲಿ ನಿಧಾನಕ್ಕೆ ನಡೆಸಿಕೊಂಡು ಬಂದೆವು. ಮನೆಯಿಂದ ತಂದ ಬುತ್ತಿಯನ್ನು ಅವತ್ತೇ ಮುಗಿಸಿದೆವು. ಹಡಗಿನಲ್ಲಿ ಹೊರಗಿನ ಅಡುಗೆಗೆ ಅವಕಾಶ ಇಲ್ಲ.

ರೈಲಿನ ಒಂದು ಕಿರಿಕಿರಿ ಟಿಕೆಟ್. ಹಡಗನ್ನು ಎಷ್ಟೋ ತಿಂಗಳು ಮೊದಲೇ ಬುಕ್ ಮಾಡಿರುತ್ತೇವೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ತಾರೀಖು ಗುರುತು ಹಾಕಿಕೊಂಡು, ಬುಕಿಂಗ್ ತೆರೆದ ದಿನವೇ ಕೂತು ಮಾಡಬೇಕು. ದೀಪಾವಳಿ, ಕ್ರಿಸ್‌ಮಸ್ ರಜೆಯಾದರೆ ಹೇಳುವುದೇ ಬೇಡ.

ಗೇಟಿಗೆ ಬೇಗ ಹೋಗಬೇಕಾ, ತಡವಾಗಿ ಹೋಗಬೇಕಾ ಅನ್ನುವುದರಲ್ಲೂ ಎರಡು ಪಕ್ಷ ಇವೆ. ಕೊನೆಯ ಸ್ಲಾಟ್‌ನವರಿಗೆ ಸಾಲು ಸ್ವಲ್ಪ ಚಿಕ್ಕದಿರಬಹುದು. ನನಗೆ ಮೊದಲ ಸ್ಲಾಟೇ ಸರಿ. ನಾವು ಹೋದ ಹಡಗಿನಲ್ಲಿ ವೆಬ್ ಚೆಕ್-ಇನ್ ಬೇಗ ಮುಗಿಸಿದವರಿಗೆ ಬೇಗನೆಯ ಸ್ಲಾಟ್ ಸಿಕ್ಕಿತು. ಹತ್ತಿದ ಕೂಡಲೇ ಮಧ್ಯಾಹ್ನದ ಊಟ ತಯಾರಿತ್ತು. ಅದು ಟಿಕೆಟ್ಟಿನಲ್ಲೇ ಸೇರಿದ್ದು, ಹೊರಗೆ ದುಡ್ಡು ಕೊಟ್ಟು ಉಣ್ಣುವ ಕೆಲಸ ಉಳಿಯಿತು. ಮೇಲಿನ ಡೆಕ್ ಖಾಲಿ. ಅವ್ವ ಕುರ್ಚಿಯಲ್ಲಿ ಕಾಲು ಚಾಚಿ ಬಂದರನ್ನು ನೋಡುತ್ತಾ ಕೂತರು. ಕೋಣೆ ಆಮೇಲೆ ಸಿಕ್ಕಿತು, ದೊಡ್ಡ ಸೂಟ್‌ಕೇಸು ಬಂದದ್ದು ಸಂಜೆ. ಅದಕ್ಕೇ ಮಾತ್ರೆ, ಆಧಾರ್ ಕಾರ್ಡು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಸ್ಲಾಟ್‌ಗಿಂತ ಒಂದು ತಾಸು ಮೊದಲೇ ಹೋಗಿ ಗೇಟಿನ ಹೊರಗೆ ನಿಲ್ಲುವುದರಲ್ಲಿ ಮಾತ್ರ ಏನೂ ಲಾಭ ಇಲ್ಲ.

ಖರ್ಚು ಕೇಳುತ್ತೀರಿ ಅಲ್ವಾ? ಹೋಟೆಲಿಗೆ ಮೂರು ಸಾವಿರದ ಆಸುಪಾಸು ಹೋಯಿತು. ರೈಲು ಬಸ್ಸಿಗಿಂತ ಅಗ್ಗವಾದ್ದರಿಂದ ಅದರಲ್ಲಿ ಸ್ವಲ್ಪ ವಾಪಸು ಬಂತು. ನಾವು ಬೆಳಗ್ಗೆ ಬೇಗ ಏಳುವವರು, ಹೊತ್ತಿಗೆ ಸರಿಯಾಗಿ ಉಣ್ಣುವವರು, ಹಿರಿಯರನ್ನು ಬಿಟ್ಟು ಹೋಗದವರು. ನಮಗೆ ಆ ದುಡ್ಡು ಭಾರ ಅನ್ನಿಸಲಿಲ್ಲ. ಬೆನ್ನಿಗೊಂದು ಚೀಲ ಹಾಕಿಕೊಂಡು ಹೋಗುವ ಹುಡುಗರಿಗೆ ರಾತ್ರಿ ಬಸ್ಸೇ ಸಾಕು. ರಜೆ ಒಂದು ದಿನ ಕಡಿಮೆ ಇದ್ದವರು ರೈಲಿನಲ್ಲೇ ಹಡಗಿನ ದಿನ ಬೆಳಗ್ಗೆ ಇಳಿಯಲಿ. ಬೀಗ ಹಾಕಿದ ಬ್ಯಾಗು, ಕೈಯಲ್ಲಿ ಟಿಕೆಟ್ ಇದ್ದರೆ ಕ್ಲೋಕ್ ರೂಮ್ ಸಿಗುತ್ತದೆ. ಆದರೆ ರೈಲು ತಡವಾದರೆ ಅಂತ ಒಂದು ಕಣ್ಣು ಗಡಿಯಾರದ ಮೇಲೇ ಇರುತ್ತದೆ.

ವಿಜಯಪುರ, ಬಾಗಲಕೋಟೆಯವರಿಗೆ ನಮಗಿಂತ ಒಂದು ಅನುಕೂಲ ಜಾಸ್ತಿ. ಮೊದಲು ಗದಗದವರೆಗೆ ಬರುತ್ತಿದ್ದು ಈಗ ಹೊಸಪೇಟೆಯವರೆಗೆ ಓಡುವ ಮುಂಬೈ ಎಕ್ಸ್‌ಪ್ರೆಸ್ ಆ ಎರಡೂ ಊರಿನ ಮೇಲೆ ಸೋಲಾಪುರ ದಾಟಿ ನೇರ ಸಿಎಸ್‌ಎಂಟಿಗೇ ಹೋಗುತ್ತದೆ. ಅಲ್ಲಿಂದ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿಯಲ್ಲಿ ಕೂತು ಮಾತು ಶುರು ಮಾಡುವಷ್ಟರಲ್ಲಿ ಗೇಟ್ ಬಂದಿರುತ್ತದೆ.